ಊರು ಬಿಟ್ಟಿದ್ದಾರೆ

“ನಾಕು ತಿಂಗ್ಳು ಕಣವ್ವಾ. ಉಗಾದಿ ಒತ್ಗೆ ಬಂದ್ಬುಡ್ತೀವಿ. ಅಲ್ಲೀಗಂಟ ನಮ್ ಕೂಸು ಸಸೀನ ನಿಮ್ಮಟ್ಟೀಲಿ ಮಡಿಕ್ಕಳಿ,” ಎಂದಳು ಪುಟ್ಟಸಿದ್ದಮ್ಮ.

ಅಂಗನವಾಡಿಯ ಹೊಸ್ತಿಲಿನಿಂದ ಎರಡು ಹೆಜ್ಜೆ ಆಚೆ, ಎಳೆಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ನಿಂತಿದ್ದಳು. ಒಳಗೆ ಇಪ್ಪತ್ತು ಮಕ್ಕಳು ತಟ್ಟೆ ಹಿಡಿದು ಗೋಡೆಗೆ ಒರಗಿ ಕೂತಿದ್ದವು. ಉಪ್ಪಿಟ್ಟಿನ ಪಾತ್ರೆಗೆ ಸೌಟು ಹಾಕಿದ್ದ ಶಾಂತಲಾ ಕೈ ತಡೆದು ಅವಳ ಮುಖ ನೋಡಿದಳು. ಈ ಹೆಂಗಸು ಇಷ್ಟು ವರ್ಷದಲ್ಲಿ ತನ್ನ ಬಳಿ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ.

ಅಂತರಸಂತೆಯಿಂದ ಒಳಕ್ಕೆ ಮೂರು ಮೈಲಿ ನಡೆದರೆ ಸಿಗುವ ಕೆಂಚನಹುಂಡಿಯಲ್ಲಿ, ರಾಗಿ ಕೊಯ್ಲು ಮುಗಿಯುತ್ತಿದ್ದಂತೆ ಕಾಲೋನಿಯ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮೇಸ್ತ್ರಿ ಕಂಠಪ್ಪನ ಜೀಪು ಬೆಳಿಗ್ಗೆ ಬಂದು ಊರ ಮುಂದೆ ನಿಲ್ಲುವುದು. ಚಾಪೆ ಸುತ್ತು, ಪಾತ್ರೆ, ಕೋಳಿ, ಕಂಕುಳ ಕೂಸು ಎಲ್ಲವೂ ಅದರೊಳಕ್ಕೆ ತೂರಿಕೊಂಡು ಹುಣಸೂರು, ಪಂಚವಳ್ಳಿ, ತಿತಿಮತಿ ದಾಟಿ ಕೊಡಗಿನ ಕಾಫಿ ತೋಟ ಸೇರುವುದು. ಪುಟ್ಟಸಿದ್ದಮ್ಮ ಮತ್ತು ಅವಳ ಗಂಡ ದೊಡ್ಡಮಾದಯ್ಯ ಒಂಬತ್ತು ವರ್ಷದಿಂದ ಹಾಗೆ ಹೋಗಿಬರುತ್ತಿದ್ದರು. ಮಗಳು ಶಶಿ ಅಜ್ಜಿಯ ಜೊತೆ ಊರಲ್ಲೇ ಉಳಿದು ಶಾಲೆಗೆ ಹೋಗುತ್ತಿದ್ದಳು. ಆ ಅಜ್ಜಿ ಈ ಆಷಾಢದಲ್ಲಿ ತೀರಿಹೋಗಿದ್ದಳು.

ಶಶಿ ಈಗ ಏಳನೆಯ ತರಗತಿ. ಮಾರ್ಚಿಗೆ ಪಬ್ಲಿಕ್ ಪರೀಕ್ಷೆ. ಕಾಲೋನಿಯ ಹೆಣ್ಣುಮಕ್ಕಳಲ್ಲಿ ಏಳನೆಯದರವರೆಗೆ ಬಂದವಳು ಅವಳೊಬ್ಬಳೇ, ಮತ್ತು ಹಾಗೆ ಬಂದದ್ದಕ್ಕೆ ಶಾಂತಲಾಳ ಪಾಲೂ ಇತ್ತು. ನಾಲ್ಕನೆಯ ತರಗತಿಯಲ್ಲಿ ಹುಡುಗಿಯನ್ನು ಬಿಡಿಸಿ ದನ ಕಾಯಲು ಹಾಕಿದ್ದಾಗ ಮೂರು ಸಲ ಮನೆಯ ಮುಂದೆ ನಿಂತು ಬೈದು, ಒಲಿಸಿ, ಮತ್ತೆ ಶಾಲೆಗೆ ಕಳಿಸಿದ್ದಳು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶಶಿ ಅಂಗನವಾಡಿಗೆ ಬಂದು ಚಿಕ್ಕ ಮಕ್ಕಳಿಗೆ ಪದ್ಯ ಹೇಳಿಕೊಡುವಳು. ಶಾಂತಲಾಳಿಗೆ ಮಕ್ಕಳಿರಲಿಲ್ಲ. ಆ ಹುಡುಗಿಯ ಗಟ್ಟಿ ದನಿ ಕೇಳುತ್ತಾ ಅವಳು ರಿಜಿಸ್ಟರಿನ ಗೆರೆ ತಪ್ಪುವುದೂ ಇತ್ತು.

“ಮನೇಲಿ ಒಂದು ಮಾತು ಕೇಳ್ಬುಟ್ಟು ಹೇಳ್ತೀನಿ ಕಣೆ,” ಎಂದಳು ಶಾಂತಲಾ. ಹೇಳುವಾಗ ಅವಳಿಗೆ ಖುಷಿಯೇ ಆಗಿತ್ತು.

ಸಂಜೆ ಅತ್ತೆ ರಾಮಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಶಾಂತಲಾ ಎದುರಿಗೆ ಕೂತು, ಎರಡು ಹಿಡಿ ಕಾಯಿ ಬಿಡಿಸಿ, ಆಮೇಲೆ ವಿಷಯ ತೆಗೆದಳು. ರಾಮಮ್ಮನ ಕೈ ನಿಲ್ಲಲಿಲ್ಲ.

“ಅಗ್ಲೊತ್ತು ಬರ್ಲಿ, ಓಗ್ಲಿ. ಬ್ಯಾಡ ಅಂದೋರ್ಯಾರು? ಕತ್ಲಾದ್ಮೇಲೆ ಎಲ್ಲಿ ಮಲುಗ್ತದೆ ಕೂಸು? ಜಗಲೀಲಿ ಮಲುಗ್ಸಕೆ ಬೆಳೀತಿರೋ ಎಣ್ಣು. ಒಳೀಕ್ ಕರ್ಕಂಡ್ರೆ ನಾಳೆ ನಮ್ ಸುಧನ್ನ ನೋಡಕ್ ಬರೋರು ಏನಂದಾರು? ನೀನೇ ಏಳು.”

ಸುಧಾ ಶಾಂತಲಾಳ ನಾದಿನಿ. ಆ ವರ್ಷ ಅವಳಿಗೆ ಗಂಡು ಹುಡುಕುತ್ತಿದ್ದರು. ಶಾಂತಲಾ ಗಂಡನ ಕಡೆ ನೋಡಿದಳು. ಚಲುವರಾಜು ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತದೆ, “ಅವ್ವ ಹೇಳದು ತಪ್ಪೇನಿಲ್ಲ,” ಎಂದ. ಅವಳು ಇನ್ನೊಂದು ಮಾತು ಆಡಬಹುದಿತ್ತು. ಸಂಬಳ ತರುವ ಸೊಸೆ. ಅವಳ ಮಾತಿಗೆ ಆ ಮನೆಯಲ್ಲಿ ಅಷ್ಟಿಷ್ಟು ಬೆಲೆಯೂ ಇತ್ತು. ಆಡಲಿಲ್ಲ. ಎದ್ದು ಸಿಪ್ಪೆಯನ್ನು ಎಮ್ಮೆಗೆ ಹಾಕಿ ಬಂದಳು.

ಮಾರನೆಯ ದಿನ ಪುಟ್ಟಸಿದ್ದಮ್ಮ ಬಂದಾಗ, “ನಮ್ಮತ್ತೆಗೆ ಮೈ ಸರಿಯಾಗಿಲ್ಲ ಕಣೆ, ಮನೆಯೂ ಚಿಕ್ಕದು,” ಎಂದು ಶುರು ಮಾಡಿದಳು. ಅಷ್ಟಕ್ಕೇ ಪುಟ್ಟಸಿದ್ದಮ್ಮ, “ಆಯ್ತು ಬುಡಿ ಅವ್ವಾರೆ,” ಎಂದುಬಿಟ್ಟಳು. ಎಲ್ಲ ಗೊತ್ತಿದ್ದೂ ಕೇಳಲು ಬಂದಿದ್ದವಳ ಹಾಗೆ. ಅವಳು ಅಷ್ಟು ಬೇಗ ಒಪ್ಪಿಕೊಂಡದ್ದೇ ಶಾಂತಲಾಳನ್ನು ಕೆರಳಿಸಿತು.

“ಕೋಟೆಗೆ ಹೋಗಿ ತಾಲ್ಲೂಕು ಹಾಸ್ಟೆಲಿಗೆ ಸೇರ್ಸು.”

“ಕೇಳುದ್ವಿ. ಮಧ್ಯದಲ್ಲಿ ಸೇರ್ಸ್ಕಳಕಿಲ್ವಂತೆ.”

“ಹಂಗಾರೆ ಈ ಒಂದು ವರ್ಷ ನೀನು ಇಲ್ಲೇ ಉಳ್ಕೋ. ಮಗಳಿಗಿಂತ ಹೆಚ್ಚಾ ಕಾಫಿ ತೋಟ? ಈಗ ಬಿಡಿಸಿದ್ರೆ ಅವಳ ಕತೆ ಮುಗೀತು ತಿಳ್ಕೋ.”

ಪುಟ್ಟಸಿದ್ದಮ್ಮ ಸೆರಗಿನ ತುದಿಯಿಂದ ಕತ್ತು ಒರೆಸಿಕೊಂಡಳು. “ಉಳ್ಕಂಡ್ರೆ ತಿನ್ನದೇನವ್ವಾ ನಾವು?” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳಿದ ಹಾಗಿತ್ತು. ಒಳಗೆ ಮಗುವೊಂದು ಅತ್ತಿತೆಂದು ಶಾಂತಲಾ ತಿರುಗಿ ಹೋದಳು.

ಮೂರನೆಯ ದಿನ ಜೀಪು ಬಂತು. ಅಂಗನವಾಡಿಯ ಕಿಟಕಿಯಿಂದ ಶಾಂತಲಾ ನೋಡಿದಳು: ದೊಡ್ಡಮಾದಯ್ಯ ಹಿಂದಿನ ಹಲಗೆಯ ಮೇಲೆ ನಿಂತು ಕೈಕೊಟ್ಟು ಹೆಂಡತಿಯನ್ನು ಹತ್ತಿಸಿಕೊಂಡ, ಆಮೇಲೆ ಶಶಿಯನ್ನು. ಹುಡುಗಿ ಶಾಲೆಯ ನೀಲಿ ಲಂಗ ಹಾಕಿಕೊಂಡಿದ್ದಳು, ಬೇರೆ ಒಳ್ಳೆಯದು ಇರಲಿಲ್ಲವೇನೋ. ಜೀಪು ಹೊರಟಾಗ ಅಂಗನವಾಡಿಯ ಕಡೆ ತಿರುಗಿ ಕೈ ಬೀಸಿದಳು. ಶಾಂತಲಾ ಕೈ ಎತ್ತಲಿಲ್ಲ. ಆವತ್ತಿಡೀ ಅವಳು ಸಿಡಿಮಿಡಿಗೊಂಡೇ ಇದ್ದಳು. ಶಾಲೆಯ ಮೇಷ್ಟ್ರು ವೆಂಕಟೇಶ್ ಸಿಕ್ಕಾಗ, “ಈ ಜನಕ್ಕೆ ಎಷ್ಟು ಬಡ್ಕೊಂಡ್ರೂ ಅಷ್ಟೇ ಸಾರ್. ಮಕ್ಕಳ ಬಾಳು ಹಾಳು ಮಾಡೋರೇ ಅವರ ಅಪ್ಪ ಅವ್ವ,” ಎಂದಳು. ವೆಂಕಟೇಶ್, “ಫಸ್ಟ್ ಕ್ಲಾಸ್ ಬರೋ ಹುಡ್ಗಿ,” ಎಂದು ಹಾಜರಿ ಪುಸ್ತಕ ಮುಚ್ಚಿದರು.

ಫೆಬ್ರವರಿಯಲ್ಲಿ ಮನೆಮನೆ ಗಣತಿ ಬಂತು. ಬಡವರ ರೇಷನ್ನಿನ ಹೊಸ ಹಸಿರು ಕಾರ್ಡು, ಮನೆ, ಸೈಟು ಏನು ಸಿಗಬೇಕಾದರೂ ಇದರಲ್ಲಿ ಹೆಸರಿರಬೇಕು ಎಂದು ಡಂಗುರ ಹೊಡೆಸಿದ್ದರು. ಕೆಂಚನಹುಂಡಿಗೆ ವೆಂಕಟೇಶ್ ಗಣತಿದಾರರು, ಜೊತೆಗೆ ಶಾಂತಲಾ. ಮೇಲಿನ ಬೀದಿ ಒಂದೂವರೆ ದಿನಕ್ಕೆ ಮುಗಿಯಿತು. ಕಾಲೋನಿಯಲ್ಲಿ ಅರ್ಧಕ್ಕರ್ಧ ಬಾಗಿಲುಗಳು ಮುಚ್ಚಿದ್ದವು. ಮನೆಯವರಿಲ್ಲದಿದ್ದರೆ ಅಕ್ಕಪಕ್ಕದವರನ್ನು ಕೇಳಿ ಬರೆಯಬಹುದು, ಮಾಹಿತಿ ಕೊಟ್ಟವರ ಸಹಿ ಬೇಕು ಎಂದು ಹೇಳಿದ್ದರು. ಶಾಂತಲಾಳಿಗೆ ಪ್ರತಿ ಮನೆಯ ಒಳಗೂ ಹೊರಗೂ ಗೊತ್ತಿತ್ತು. ಎಷ್ಟು ಜನ, ಎಷ್ಟು ಕೋಳಿ, ಯಾವ ಗೋಡೆ ಬಿದ್ದಿದೆ ಎಲ್ಲವನ್ನೂ ಬಾಯಲ್ಲೇ ಹೇಳಿದಳು. “ಯುಗಾದಿಗೆ ಬರ್ತಾರೆ, ಬರ್ಕೊಳ್ಳಿ” ಎಂದು ಹನ್ನೊಂದು ಮನೆಗೆ ಸಹಿ ಹಾಕಿದಳು.

ಹನ್ನೆರಡನೆಯದು ಪುಟ್ಟಸಿದ್ದಮ್ಮನ ಮನೆ. ಬಾಗಿಲಿಗೆ ಬೀಗವಿರಲಿಲ್ಲ, ಚಿಲಕಕ್ಕೆ ಹರಿದ ಸೀರೆಯಂಚನ್ನು ಬಿಗಿದು ಗಂಟು ಹಾಕಿತ್ತು. ಹೊತ್ತು ನೆತ್ತಿಗೆ ಬಂದಿತ್ತು. ವೆಂಕಟೇಶ್ ಬೆವರು ಒರೆಸಿಕೊಂಡು ಪೆನ್ನಿನ ಮುಚ್ಚಳ ತೆಗೆದು, “ಇವರು?” ಎಂದರು.

ಶಾಂತಲಾ ಆ ಗಂಟನ್ನು ನೋಡುತ್ತಾ ನಿಂತಳು. “ಇವರು ಹೋದ್ರು ಸಾರ್. ಮಗೂನೂ ಕಟ್ಕೊಂಡು ಹೋದ್ರಲ್ಲ. ಇನ್ನೇನಿದೆ ಇಲ್ಲಿ ಅವರ್ದು?”

“ಬರಲ್ವಾ?”

“ಯಾರಿಗ್ಗೊತ್ತು.”

“ಹಂಗಾರೆ ಊರು ಬಿಟ್ಟಿದ್ದಾರೆ ಅಂತ ಬರೀಲಾ?”

“ಬರ್ಕೊಳ್ಳಿ.”

ಅವರು ಷರಾ ಕಾಲಮ್ಮಿನಲ್ಲಿ ಬರೆದು, ಹಾಳೆಯನ್ನು ಅವಳತ್ತ ತಿರುಗಿಸಿದರು. ಶಾಂತಲಾ ಸಹಿ ಹಾಕಿದಳು. ಪಕ್ಕದ ಮನೆಯ ಮರಿಯಯ್ಯ ಮಜ್ಜಿಗೆಗೆ ಕರೆಯಲೋ ಬೇಡವೋ ಎಂದು ಅನುಮಾನಿಸುತ್ತಾ ನಿಂತಿದ್ದ. ವೆಂಕಟೇಶ್ ಹೊತ್ತಾಯಿತೆಂದು ಮುಂದಿನ ಮನೆಗೆ ನಡೆದರು.

ಯುಗಾದಿಗೆ ಇನ್ನೂ ಎಂಟು ದಿನವಿರುವಾಗ, ಮಧ್ಯಾಹ್ನದ ಸುಡುಬಿಸಿಲಲ್ಲಿ ಕಂಠಪ್ಪನ ಜೀಪು ಬಂತು. ಯಾರೂ ಇಳಿಯುವ ಗಡಿಬಿಡಿ ಮಾಡಲಿಲ್ಲ. ನಾಲ್ಕು ಜನ ಸೇರಿ ದೊಡ್ಡಮಾದಯ್ಯನನ್ನು ಚಾಪೆಯ ಸಮೇತ ಇಳಿಸಿದರು. ಕರಿಮೆಣಸು ಕೊಯ್ಯುವಾಗ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿಸಿದ್ದ ಒಂಟಿ ಬಿದಿರ ಏಣಿ ಜಾರಿ, ಆಳುದ್ದದ ಮೇಲಿನಿಂದ ಬೆನ್ನಡಿಯಾಗಿ ಬಿದ್ದಿದ್ದ. ಸೊಂಟದಿಂದ ಕೆಳಗೆ ಸ್ಪರ್ಶವಿರಲಿಲ್ಲ. ತೋಟದವರು ಹತ್ತು ದಿನ ಸೂಜಿ ಹಾಕಿಸಿ, ಊರಿಗೆ ಕರೆದುಕೊಂಡು ಹೋಗಿ ಎಂದಿದ್ದರು. ಅಲ್ಲಿಯ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ. ಕಂಠಪ್ಪನ ಕಡೆಯ ಆಳು ಇಷ್ಟು ಎಂದು ಲೆಕ್ಕವಿತ್ತು, ಅಷ್ಟೆ.

ಮೈಸೂರಿನ ಆಸ್ಪತ್ರೆಯೊಂದಕ್ಕೆ ತೋರಿಸಿದರು. ಬೆನ್ನಿಗೆ ಆಪರೇಷನ್ ಮಾಡಿ ನೋಡಬಹುದು, ಹಸಿರು ಕಾರ್ಡು ತಂದರೆ ಖರ್ಚಿಲ್ಲದೆ ಆಗುತ್ತದೆ, ತಡ ಮಾಡಬೇಡಿ ಎಂದರು ಡಾಕ್ಟರು. ಹಳೆಯ ಕಾರ್ಡುಗಳು ಅದೇ ತಿಂಗಳು ರದ್ದಾಗಿ ಹೊಸವು ಬಂದಿದ್ದವು. ಸೊಸೈಟಿಯಲ್ಲಿ ಪಟ್ಟಿ ನೋಡಿ, ನಿಮ್ಮ ಹೆಸರಿಲ್ಲ ಎಂದರು.

ಪುಟ್ಟಸಿದ್ದಮ್ಮ ನೆಟ್ಟಗೆ ಅಂಗನವಾಡಿಗೆ ಬಂದಳು. “ಅದ್ಯಾಕೋ ನಮ್ಮೊಬ್ರುದೇ ಬುಟ್ಟೋಗದೆ ಅವ್ವಾರೆ. ಬರ್ಕಳೋವಾಗ ನೀವೂ ಇದ್ರಂತಲ್ಲ. ಕ್ವಾಟೆಗಂಟ ಒಂದು ಗಳ್ಗೆ ನನ್ ಜೊತ್ಗೆ ಬನ್ನಿ. ನೀವು ಒಂದು ಮಾತೇಳುದ್ರೆ ಅವ್ರು ನಂಬ್ತಾರೆ.”

ಶಾಂತಲಾ ಅಲ್ಲಿಯೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದು, “ಯಾರೋ ಬರೆಯೋವಾಗ ತಪ್ಪು ಮಾಡಿರಬೇಕು, ನಡಿ ಕೇಳಣ” ಎಂದಾಗಿ ಹೊರಬಿತ್ತು. ತಾಲ್ಲೂಕು ಕಚೇರಿಯ ಧೂಳಿನಲ್ಲಿ ಆ ಹಾಳೆ ಎಲ್ಲಿ ಸಿಗುತ್ತದೆ, ಸಿಕ್ಕರೂ ಯಾರು ಓದುತ್ತಾರೆ ಎಂದು ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಎದುರು ಸೀಟಿನಲ್ಲಿ ಪುಟ್ಟಸಿದ್ದಮ್ಮನ ಪಕ್ಕ ಶಶಿ ಕೂತಿದ್ದಳು. ಬೆರಳುಗಳ ತುದಿ ಕಾಫಿ ಕೊಯ್ದು ಕಪ್ಪಾಗಿದ್ದವು. “ಪರೀಕ್ಷೆ ಮುಗ್ದೋಯ್ತಾ ಟೀಚರ್?” ಎಂದಷ್ಟೇ ಕೇಳಿದಳು. “ಮೊನ್ನೆ ಮುಗೀತು,” ಎಂದಳು ಶಾಂತಲಾ.

ಹಾಳೆ ಸಿಕ್ಕಿತು. ಗುಮಾಸ್ತ ಒಳ್ಳೆಯವನೇ. ಎರಡು ಕಟ್ಟು ಬಿಚ್ಚಿ, ಉಗುಳು ಹಚ್ಚಿ ಹಾಳೆ ತಿರುವಿ, ಒಂದು ಕಡೆ ಬೆರಳಿಟ್ಟು ನಿಲ್ಲಿಸಿದ. ಓದಿದ. ತಲೆ ಎತ್ತಿ ಶಾಂತಲಾಳನ್ನು ನೋಡಿದ. “ನೀವೇ ಅಲ್ವೇನ್ರೀ ಶಾಂತಲಾ ಅಂದ್ರೆ?”

ಪುಟ್ಟಸಿದ್ದಮ್ಮ ಕೌಂಟರಿನ ಮೇಲೆ ಕತ್ತು ಚಾಚಿದಳು. “ಏನ್ ಬರ್ದದೆ ಸ್ವಾಮಿ?” ಗುಮಾಸ್ತ ಹಾಳೆಯನ್ನು ಅವಳತ್ತ ತಿರುಗಿಸಿದ. ಅವಳು ಮಗಳ ಭುಜ ಹಿಡಿದು ಮುಂದಕ್ಕೆ ತಂದಳು. “ಓದು ಮಗ.”

ಶಶಿ ತರಗತಿಯಲ್ಲಿ ಎದ್ದು ನಿಂತು ಓದುವ ಹಾಗೆ ಓದಿದಳು. ಅದೇ ಗಟ್ಟಿ ದನಿ. “ಕುಟುಂಬದ ಮುಖ್ಯಸ್ಥರು, ದೊಡ್ಡಮಾದಯ್ಯ. ಷರಾ, ಊರು ಬಿಟ್ಟಿದ್ದಾರೆ. ಮಾಹಿತಿ ನೀಡಿದವರು, ಶಾಂತಲಾ, ಅಂಗನವಾಡಿ ಕಾರ್ಯಕರ್ತೆ.” ಕೊನೆಯ ಪದಗಳಿಗೆ ಬರುವಾಗ ದನಿ ಇಳಿಯಿತು.

ಫ್ಯಾನು ತಿರುಗುತ್ತಿತ್ತು. ಹಿಂದೆ ನಿಂತಿದ್ದ ಮುದುಕನೊಬ್ಬ, ಬೇಗ ಬೇಗ ಎಂದ. ಗುಮಾಸ್ತ ಹಾಳೆ ಮಡಿಸುತ್ತಾ, ತಿದ್ದುಪಡಿಗೆ ಅರ್ಜಿ ಕೊಡಿ, ಸ್ಥಳ ತನಿಖೆ ಆಗಬೇಕು, ಮೇಲಿನವರ ಸಹಿ ಆಗಬೇಕು, ಎಷ್ಟು ದಿನ ಅಂತ ಹೇಳೋಕಾಗಲ್ಲ ಎಂದ.

ಬಸ್‌ಸ್ಟ್ಯಾಂಡಿನವರೆಗೆ ಮೂವರೂ ನಡೆದರು. ಬಸ್ಸು ಇನ್ನೂ ಬಂದಿರಲಿಲ್ಲ. ಪುಟ್ಟಸಿದ್ದಮ್ಮ ಬೈದಿದ್ದರೆ, ಎದೆ ಎದೆ ಬಡಿದುಕೊಂಡು ಅತ್ತಿದ್ದರೆ ಶಾಂತಲಾಳಿಗೆ ಹಗುರವಾಗುತ್ತಿತ್ತು. ಪುಟ್ಟಸಿದ್ದಮ್ಮ ಕಂಬಕ್ಕೆ ಒರಗಿ ಕುಕ್ಕರಗಾಲಲ್ಲಿ ಕೂತು, “ನನ್ ಮ್ಯಾಲೆ ಏನಾರ ಸಿಟ್ಟಿತ್ತಾ ಅವ್ವಾರೆ?” ಎಂದಳು.

“ಇಲ್ಲ ಕಣೆ.”

“ಮತ್ತೆ?”

ಶಶಿ ಬೇರೆ ಕಡೆ ನೋಡುತ್ತಿದ್ದಳು. ಶಾಂತಲಾಳಿಗೆ ಹೇಳಬೇಕೆನ್ನಿಸಿದ್ದು ಬಹಳವಿತ್ತು. ನಿನ್ನ ಮಗಳನ್ನು ಇಟ್ಟುಕೊಳ್ಳುವ ಎದೆ ನನಗಿರಲಿಲ್ಲ, ಆ ಸಿಟ್ಟನ್ನು ನಿನ್ನ ಬಾಗಿಲಿಗೆ ಒರೆಸಿಬಂದೆ ಎಂದು. ಬಸ್ಸು ಬಂತು. ಜನ ನುಗ್ಗಿದರು. ಪುಟ್ಟಸಿದ್ದಮ್ಮ ಎದ್ದು, ಅಭ್ಯಾಸದಂತೆ, ಮೊದಲು ಅವಳಿಗೆ ಹತ್ತಲು ಜಾಗ ಬಿಟ್ಟಳು.

ಆಮೇಲೆ ಶಾಂತಲಾ ಓಡಾಡಿದಳು. ವಾರಕ್ಕೆರಡು ಸಲ ಕೋಟೆಗೆ ಹೋದಳು. ಅರ್ಜಿ ಬರೆಯುವಾಗ, “ನಾನು ತಪ್ಪು ಮಾಹಿತಿ ಕೊಟ್ಟಿದ್ದೆ” ಎಂದು ಬರೆದದ್ದನ್ನು ವೆಂಕಟೇಶ್ ಹೊಡೆದುಹಾಕಿಸಿದರು. “ಹಂಗೆ ಬರೆದ್ರೆ ನಿಮ್ಮ ಕೆಲ್ಸ ಹೋಯ್ತದೆ, ನನ್ನದೂ ಹೋಯ್ತದೆ. ಕಣ್ತಪ್ಪಿನಿಂದ ಅಂತ ಹಾಕಿ.” ಅವಳು ಕೊನೆಗೆ ಕಣ್ತಪ್ಪಿನಿಂದ ಎಂದೇ ಬರೆದಳು. ತನಿಖೆಗೆ ಬರಬೇಕಾದವರು ರಜೆ ಹಾಕಿದರು. ಅವರ ಜಾಗಕ್ಕೆ ಬಂದವರಿಗೆ ಎಲೆಕ್ಷನ್ ಕೆಲಸ ಬಿತ್ತು. ಇತ್ತ ದೊಡ್ಡಮಾದಯ್ಯ ಚಾಪೆಯ ಮೇಲೆ ಮಲಗಿದಲ್ಲೇ ಇದ್ದ. ಬೆನ್ನಲ್ಲಿ ಹುಣ್ಣಾಯಿತು. ಶಾಂತಲಾ ಡೆಟಾಲು, ಹತ್ತಿ ತೆಗೆದುಕೊಂಡು ಹೋದರೆ ಅವನು, “ಯಾಕವ್ವಾ ನಿಮ್ಗೀ ತಾಪತ್ರಯ,” ಎಂದು ಮುಖ ಗೋಡೆಗೆ ತಿರುಗಿಸಿಕೊಳ್ಳುವನು. ಅವನಿಗೆ ಹೇಳಿದ್ದಾರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯುವ ಮುಂಚೆ, ಹಂಗಾಮಲ್ಲದ ಹಂಗಾಮಿನಲ್ಲಿ, ಕಂಠಪ್ಪನ ಜೀಪು ಮತ್ತೆ ಬಂದು ನಿಂತಿತು. ಸಿದ್ದಾಪುರದ ಕಡೆ ಒಂದು ತೋಟದಲ್ಲಿ ವರ್ಷಪೂರ್ತಿ ಕೆಲಸವಿದೆ, ಇರಲು ಕೂಲಿಯವರ ಸಾಲಿನಲ್ಲಿ ಲೈನ್ ಮನೆ ಕೊಡುತ್ತಾರೆ ಎಂದು ಅವನು ಹೇಳಿದ್ದ. ಶಾಂತಲಾ ಸುದ್ದಿ ತಿಳಿದು ಓಡಿಬಂದಾಗ ದೊಡ್ಡಮಾದಯ್ಯನನ್ನು ಹಿಂದಿನ ಸೀಟುಗಳ ನಡುವೆ ಮಲಗಿಸಿ ಆಗಿತ್ತು. ಶಶಿ ಅವನ ಕಾಲು ಅಲುಗದಂತೆ ಚೀಲಗಳನ್ನು ಒತ್ತರಿಸುತ್ತಿದ್ದಳು.

“ಇನ್ನೊಂದು ತಿಂಗಳು ತಡಕೊಳ್ಳೆ. ಫೈಲು ಮೇಲೆ ಹೋಗಿದೆ. ಕಾರ್ಡು ಬಂದೇ ಬರ್ತದೆ.”

“ನೀವು ಓಡಾಡ್ತಾ ಇದ್ದೀರ, ನಂಗೊತ್ತು ಅವ್ವಾರೆ.” ಪುಟ್ಟಸಿದ್ದಮ್ಮ ಒಲೆಯ ಮೂರು ಕಲ್ಲುಗಳನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಗಂಟು ಕಟ್ಟಿದ್ದಳು. “ಒಂದು ತಿಂಗ್ಳು ತಿನ್ನಬೇಕಲ್ಲ. ಇಲ್ಲಿ ನಂಗೆ ವಾರಕ್ಕೆ ಎರಡು ದಿನ ಕೂಲಿ. ಅಲ್ಲಾದ್ರೆ ಇವ್ರುನ್ನ ಮನೇಲಿ ಮಲುಗ್ಸಿ ದುಡೀಬೋದು.”

“ಮತ್ತೆ ಬರಲ್ವಾ?”

ಪುಟ್ಟಸಿದ್ದಮ್ಮ ಗಂಟನ್ನು ಎತ್ತಿ ಮಗಳ ಕೈಗೆ ಕೊಟ್ಟಳು. “ಊರು ಬುಟ್ಟವ್ರೆ ಅಂತ ಬರ್ದಾಯ್ತಲ್ಲ. ಬುಟ್ರಾಯ್ತು,” ಎಂದಳು. ಅದು ಚುಚ್ಚುಮಾತಾಗಿರಲಿಲ್ಲ. ಆಯಾಸವಿತ್ತು, ಅಷ್ಟೆ. ಚುಚ್ಚಿದ್ದರೆ ಶಾಂತಲಾ ತಡೆದುಕೊಳ್ಳುತ್ತಿದ್ದಳು.

ಮನೆಗೆ ಬಂದಾಗ ರಾಮಮ್ಮ ನೀರಿನ ಕೊಳಗ ಕೆಳಗಿಟ್ಟು ಸೊಸೆಯ ಮುಖ ನೋಡಿದರು. “ಓಯ್ತಾ ಆ ಕೂಸು?” ಎಂದರು. ಶಾಂತಲಾ ಒಳಕ್ಕೆ ಹೋದಳು. ಮುದುಕಿ ಕೊಳಗವನ್ನು ಅಲ್ಲೇ ಬಿಟ್ಟು ಬಚ್ಚಲ ಕಲ್ಲಿನ ಮೇಲೆ ಕೂತರು. ಸುಧಾಳನ್ನು ಆ ಶ್ರಾವಣದಲ್ಲಿ ಪಿರಿಯಾಪಟ್ಟಣದ ಕಡೆ ಕೊಟ್ಟರು. ಗಂಡಿನ ಕಡೆಯವರು ಮನೆಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ಏನೂ ಕೇಳಲಿಲ್ಲ.

ಕಾರ್ಡು ಬಂದದ್ದು ಡಿಸೆಂಬರಿನಲ್ಲಿ. ಹಸಿರು ರಟ್ಟು, ಮೇಲೆ ಸೀಲು. ಸೊಸೈಟಿಯವನು, ಇಟ್ಟಿರಲಾ ಎಂದಾಗ ಶಾಂತಲಾ, “ನಾನೇ ತಲುಪಿಸ್ತೀನಿ,” ಎಂದು ಸಹಿ ಹಾಕಿ ಇಸಿದುಕೊಂಡಳು. ಹೋಗುತ್ತೇನೆಂದು ಗಂಡನಿಗೆ ತಿಳಿಸಿದಳು, ಅಪ್ಪಣೆ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಹುಣಸೂರಿಗೆ ಬಂದು ಕೊಡಗಿನ ಬಸ್ಸು ಹತ್ತಿದಳು. ತಿತಿಮತಿ ದಾಟಿದ ಮೇಲೆ ಕಿಟಕಿಯ ಎರಡೂ ಕಡೆ ಕಾಫಿ ಹಣ್ಣು ಕೆಂಪಗೆ ತೂಗುತ್ತಿತ್ತು. ಅವಳು ಆ ದಾರಿಯಲ್ಲಿ ಬಂದದ್ದು ಅದೇ ಮೊದಲು. ತನ್ನೂರಿನ ಅರ್ಧ ಜನ ಪ್ರತಿ ವರ್ಷ ಬರುವ ದಾರಿ.

ಎರಡು ತೋಟಗಳಲ್ಲಿ ವಿಚಾರಿಸಿ ಮೂರನೆಯದರ ಗೇಟಿಗೆ ಬಂದಾಗ ಮೂರೂವರೆಯಾಗಿತ್ತು. ಆಳುಗಳ ಲೆಕ್ಕ ಬರೆಯುವ ರೈಟರು ಮಲಯಾಳಿ. ಪುಟ್ಟಸಿದ್ದಮ್ಮ ಎಂದರೆ ಅವನಿಗೆ ಗೊತ್ತಾಗಲಿಲ್ಲ. “ಕೋಟೆ ಸೈಡಾ? ತಾಯಿ, ಮಗಳು? ಏಳನೇ ರೂಮ್,” ಎಂದ. ಗಂಡನೂ ಇದ್ದಾನಲ್ಲ ಎಂದಳು ಶಾಂತಲಾ. ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, ಇಲ್ಲ ಎನ್ನುವಂತೆ ಕೈ ಆಡಿಸಿದ.

ಶೀಟಿನ ಉದ್ದನೆಯ ಲೈನಿನಲ್ಲಿ ಏಳನೆಯ ಬಾಗಿಲು ತೆರೆದಿತ್ತು. ತಾಯಿ ಮಗಳು ಮಧ್ಯಾಹ್ನದ ಕೊಯ್ಲಿನ ಕಾಫಿಯನ್ನು ಜಗಲಿಯಲ್ಲಿ ಸುರಿದುಕೊಂಡು ಎಲೆ, ಕಸ, ಹಸಿರು ಕಾಯಿ ಆರಿಸುತ್ತಿದ್ದರು. ಇಬ್ಬರೂ ಸೀರೆ, ಲಂಗದ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದರು. ಶಶಿ ಮೊದಲು ನೋಡಿದವಳು. “ಟೀಚರ್,” ಎಂದು ಎದ್ದು ನಿಂತಳು. ಆರು ತಿಂಗಳಲ್ಲಿ ಒಂದು ಗೇಣು ಬೆಳೆದಿದ್ದಳು. ಮುಖದಲ್ಲಿ ಮಾತ್ರ ಏನೋ ಮುಗಿದುಹೋದಂತಿತ್ತು.

ಪುಟ್ಟಸಿದ್ದಮ್ಮ ಗೋಣಿಚೀಲ ಕೊಡವಿ ಹಾಸಿದಳು. ಹಣೆಯಲ್ಲಿ ಕುಂಕುಮವಿರಲಿಲ್ಲ.

“ಯಾವಾಗ?” ಎಂದಳು ಶಾಂತಲಾ.

“ಗೌರಿ ಅಬ್ಬದ ಇಂದ್ಲ ದಿನ. ಜ್ವರ ಬಂತು, ಇಳೀಲಿಲ್ಲ.” ಅವಳು ಗುಡ್ಡದ ಕೆಳಗಿನ ಹಳ್ಳದ ಕಡೆ ಮುಖ ಮಾಡಿ ತೋರಿಸಿದಳು. “ಅಲ್ಲೇ ಅತ್ಲಾಗೆ. ಆಳುಗಳ್ನ ಊಳಕೆ ಅಂತ ಬುಟ್ಟವ್ರೆ. ಊರ್ಗೆ ಸುದ್ದಿ ಏಳನ ಅಂದ್ರೆ ಯಾರ್ಗೇಳದು ಅಂತ ಸುಮ್ಕಾದ್ವಿ.”

ಶಾಂತಲಾ ಕಾರ್ಡನ್ನು ಕೈಚೀಲದಿಂದ ತೆಗೆದಳು. ಕೊಡಬೇಕೋ ಬೇಡವೋ ತಿಳಿಯದೆ ಹಿಡಿದುಕೊಂಡೇ ಇದ್ದಳು. ಪುಟ್ಟಸಿದ್ದಮ್ಮ ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡು ಇಸಿದುಕೊಂಡಳು. ತಿರುಗಿಸಿ ನೋಡಿದಳು.

“ಅವ್ರ ಎಸ್ರೂ ಅದಾ?”

“ಮೊದಲ್ನೇದು ಅವರ್ದೇ.”

“ಅಕ್ಕಿ ಎಲ್ಲಿ ಕೊಡ್ತಾರೆ?”

“ನಮ್ಮೂರ ಸೊಸೈಟೀಲಿ.”

“ಓ,” ಎಂದಳು ಪುಟ್ಟಸಿದ್ದಮ್ಮ. ಬೆರಳಿನಿಂದ ಸೀಲನ್ನು ಒಂದು ಸಲ ಸವರಿದಳು. “ಪಾಪ, ಇಷ್ಟು ದೂರ ತಂದಿರಲ್ಲ.”

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಶಾಂತಲಾ ಒಂದೇ ಉಸಿರಿಗೆ ಆಡಿದಳು. “ಶಶೀನ ಕಳ್ಸು ಪುಟ್ಟಸಿದ್ದಮ್ಮ. ನಮ್ಮನೇಲೇ, ಒಳಗೇ ಇರ್ತಾಳೆ. ಅತ್ತೆಗೆ ಹೇಳಿದ್ದೀನಿ, ಯಾರಿಗೂ ಹೆದರಲ್ಲ ನಾನು. ಏಳನೇದು ಕಟ್ಟಿಸ್ತೀನಿ, ಮುಂದಕ್ಕೂ ಓದಿಸ್ತೀನಿ. ಮಗಳ ಹಂಗೆ ನೋಡ್ಕತೀನಿ.”

ಪುಟ್ಟಸಿದ್ದಮ್ಮ ಮಗಳ ಕಡೆ ನೋಡಿದಳು. ಅವಳ ಕಣ್ಣಿನಲ್ಲಿ ಒಂದು ಗಳಿಗೆ ಏನೋ ಆಡಿತು. ಶಶಿ ಕಾಫಿಯ ರಾಶಿಯಿಂದ ಹಸಿರು ಕಾಯಿಯೊಂದನ್ನು ಹೆಕ್ಕಿ ಆಚೆ ಹಾಕಿದಳು, ಇನ್ನೊಂದನ್ನು ಹೆಕ್ಕಿದಳು. ಆಮೇಲೆ ದೊಡ್ಡವರು ಚಿಕ್ಕವರಿಗೆ ತಿಳಿಹೇಳುವ ದನಿಯಲ್ಲಿ, “ಆಗಲ್ಲ ಟೀಚರ್. ಒಬ್ಬೊಬ್ರಿಗೆ ಇಲ್ಲಿ ಮನೆ ಕೊಡಲ್ಲ, ಜೋಡಿ ಆಳಿರಬೇಕು. ಅಪ್ಪ ಮಲಗಿದ್ರೂ ಗಂಡ ಹೆಂಡ್ತಿ ಜೋಡಿ ಅಂತ ಬರ್ಕೊಂಡಿದ್ರು. ಅಪ್ಪ ಹೋದ್ಮೇಲೆ ರೈಟರು ಅವರ ಜಾಗಕ್ಕೆ ನನ್ನ ಹೆಸರು ಹಾಕ್ಕೊಂಡ್ರು. ನಾನು ಬಂದ್ರೆ ಅವ್ವನ್ನ ಆಚೆಗೆ ಹಾಕ್ತಾರೆ,” ಎಂದಳು.

ಕೆಳಗಿನ ಕಣದಿಂದ ಸೀಟಿ ಕೇಳಿಸಿತು. ತಾಯಿ ಮಗಳು ಇಬ್ಬರೂ ಒಟ್ಟಿಗೆ ಬಗ್ಗಿ, ಕಾಫಿಯನ್ನು ಎರಡು ಚೀಲಕ್ಕೆ ತುಂಬಿ, ಬಾಯಿ ಬಿಗಿದರು. ಪುಟ್ಟಸಿದ್ದಮ್ಮ ಕಾರ್ಡನ್ನು ರವಿಕೆಯೊಳಗೆ ಸೇರಿಸಿಕೊಂಡಳು. “ತೂಕಕ್ಕೆ ನಿಲ್ಬೇಕು ಅವ್ವಾರೆ, ತಡ ಆದ್ರೆ ಬಯ್ತಾರೆ. ನಿಮ್ಗೂ ಐದ್ಗಂಟೆ ಬಸ್ಸು. ಅದು ಬುಟ್ರೆ ಇನ್ನಿಲ್ಲ.” ಶಶಿ ಕುಕ್ಕರಿಸಿ ಕೂತಳು. ತಾಯಿ ಅವಳ ತಲೆಗೆ ಚೀಲ ಎತ್ತಿಟ್ಟಳು. ಆಮೇಲೆ ತನ್ನದನ್ನು ತಾನೇ ಮೊಣಕಾಲ ಮೇಲೆ ಏರಿಸಿ ತಲೆಗೆ ಹಾಕಿಕೊಂಡಳು.

ಶಾಂತಲಾ ಜಗಲಿಯಲ್ಲೇ ನಿಂತಳು. ಇಳಿಜಾರಿನ ಎಲ್ಲ ಸಾಲುಗಳಿಂದಲೂ ಹೆಂಗಸರು ಒಬ್ಬೊಬ್ಬರಾಗಿ ಕೆಂಪು ಮಣ್ಣಿನ ದಾರಿಗೆ ಬಂದು ಕೂಡಿಕೊಳ್ಳುತ್ತಿದ್ದರು. ಎಲ್ಲರ ಮೈಮೇಲೂ ಅದೇ ಗಂಡಸರ ಅಂಗಿ, ತಲೆಗೆ ಅದೇ ಬಣ್ಣಗೆಟ್ಟ ಟವೆಲು. ಮೂಟೆಗಳು ಎರಡೂ ಕಡೆ ಭುಜದವರೆಗೆ ಇಳಿಬಿದ್ದು ಮುಖಗಳು ಕಾಣುತ್ತಿರಲಿಲ್ಲ. ಅವಳು ಮೊದಲ ಕೆಲವು ಹೆಜ್ಜೆಗಳವರೆಗೆ ಆ ಇಬ್ಬರನ್ನೂ ಕಣ್ಣಲ್ಲೇ ಹಿಡಿದಿಟ್ಟುಕೊಂಡಿದ್ದಳು. ದಾರಿ ತಿರುಗುವಲ್ಲಿ ಸಾಲು ದಟ್ಟವಾಯಿತು. ಅಲ್ಲಿಂದಾಚೆಗೆ ಅವಳಿಗೆ ಯಾರು ಯಾರೆಂದು ಗುರುತು ಹತ್ತಲಿಲ್ಲ. ಮೂಟೆಗಳು ಒಂದರ ಹಿಂದೊಂದು ಇಳಿದು ಹೋಗುತ್ತಿದ್ದವು.